ಹೂವಿನ ಪಾತಿಯ ಲೆಕ್ಕ

ದೀರ್ಘವೃತ್ತ ಬರೆಯಲು ಎರಡು ಗೂಟ, ಒಂದು ಹಗ್ಗ, ಒಂದು ಚೂಪು ಕಡ್ಡಿ ಸಾಕು. ಹಗ್ಗದ ತುದಿಗಳನ್ನು ಗೂಟಗಳಿಗೆ ಕಟ್ಟಿ, ಅದು ಸಡಿಲವಾಗದಂತೆ ಕಡ್ಡಿಯಿಂದ ಎಳೆದುಕೊಂಡು ಒಂದು ಸುತ್ತು ಬಂದರಾಯಿತು. ಗೂಟಗಳಿರುವ ಜಾಗವೇ ನಾಭಿಗಳು. ಗೆರೆಯ ಮೇಲೆ ಎಲ್ಲಿ ನಿಂತು ಅಳೆದರೂ ಎರಡು ನಾಭಿಗಳಿಗಿರುವ ದೂರಗಳ ಮೊತ್ತ ಒಂದೇ. ಅದು ಹಗ್ಗದ ಉದ್ದ.

ಬಹಳ ವರ್ಷಗಳ ಹಿಂದೆ ಶಾಲೆಯ ಅಂಗಳದಲ್ಲಿ ಹೀಗೇ ಒಂದು ಹೂವಿನ ಪಾತಿ ಮಾಡಿಸಿದ್ದೆ. ಉದ್ದ 10 ಅಡಿ, ಅಗಲ 6 ಅಡಿ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದರ ಕ್ಷೇತ್ರಫಲ ಎಷ್ಟೆಂದು ಕೇಳಿದೆ. ಪುಸ್ತಕದಲ್ಲಿಲ್ಲದ ಪ್ರಶ್ನೆ, ಎಲ್ಲರೂ ಸುಮ್ಮನಿದ್ದರು. ಒಬ್ಬ ಹುಡುಗಿ ಮಾತ್ರ ದಾರ ಹಿಡಿದು ಸುತ್ತಳತೆ ನೋಡಿದಳು: ಇಪ್ಪತ್ತೈದೂವರೆ ಅಡಿ. ಅದನ್ನು ಅಗಲದ ಕಾಲುಭಾಗವಾದ ಒಂದೂವರೆಯಿಂದ ಗುಣಿಸಿ, 38 ಚದರ ಅಡಿ ಎಂದಳು.

“ವೃತ್ತಕ್ಕೆ ಸುತ್ತಳತೆಯನ್ನ ವ್ಯಾಸದ ಕಾಲುಭಾಗದಿಂದ ಗುಣಿಸ್ತೀವಲ್ಲ ಟೀಚರ್, ಹಾಗೇ ಮಾಡ್ದೆ.”

ಸರಿಯುತ್ತರ 47. “ಎಲ್ಲಿಯ ಸೂತ್ರ ಎಲ್ಲಿಗೆ ಅಂಟಿಸ್ತೀಯೇ? ತಲೆ ಮನೇಲಿ ಬಿಟ್ಟು ಬಂದಿದ್ದೀಯಾ?” ಎಂದು ಗದರಿದೆ. ತರಗತಿ ನಕ್ಕಿತು. ಆ ವರ್ಷ ಅವಳು ಮತ್ತೆ ಕೈ ಎತ್ತಲಿಲ್ಲ.

ಈಚೆಗೆ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಓದಲು ಕುಳಿತೆ. ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಸಂಸ್ಕೃತದಲ್ಲಿ ಹುಟ್ಟಿದ ಗ್ರಂಥ. ನಮ್ಮ ‘ಕವಿರಾಜಮಾರ್ಗ’ವೂ ಅದೇ ದೊರೆಯ ಕಾಲದ್ದು. ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಿಂದ ಅದನ್ನು ಹೊರತಂದರು.

ದೀರ್ಘವೃತ್ತಕ್ಕೆ ಆಚಾರ್ಯ ಇಟ್ಟ ಹೆಸರು ‘ಆಯತವೃತ್ತ’. ಉದ್ದ 36, ಅಗಲ 12 ಇದ್ದರೆ ಸುತ್ತಳತೆ ಎಷ್ಟು, ಕ್ಷೇತ್ರಫಲ ಎಷ್ಟು ಎಂದು ಕೇಳುತ್ತಾನೆ. ಸುತ್ತಳತೆಗೆ ಅವನ ಸೂತ್ರ: ಅಗಲದ ವರ್ಗದ ಆರರಷ್ಟಕ್ಕೆ ಉದ್ದದ ಇಮ್ಮಡಿಯ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಸುಮಾರು 78 ಬರುತ್ತದೆ. ನಿಜವಾದದ್ದು 80ಕ್ಕೆ ತುಸು ಹೆಚ್ಚು. ಎಷ್ಟು ಹತ್ತಿರ! ಇದಕ್ಕೆ ವೃತ್ತದಂಥ ಸರಳ ಸೂತ್ರ ಇಂದಿಗೂ ಇಲ್ಲ. 1914ರಲ್ಲಿ ರಾಮಾನುಜನ್ ಕೊಟ್ಟದ್ದೂ ಅಂದಾಜಿನ ಸೂತ್ರವೇ, ಆದರೆ ಬಹಳ ನಿಖರ.

ಮುಂದೆ ಕ್ಷೇತ್ರಫಲ. ಸುತ್ತಳತೆಯನ್ನು ಅಗಲದ ಕಾಲುಭಾಗದಿಂದ ಗುಣಿಸು ಎನ್ನುತ್ತಾನೆ ಆಚಾರ್ಯ. ನನ್ನ ಕೈಯಲ್ಲಿದ್ದ ಪೆನ್ಸಿಲ್ ನಿಂತುಬಿಟ್ಟಿತು. ಇದು ಆ ಹುಡುಗಿಯ ಲೆಕ್ಕವೇ! ಅವನಿಗೆ ಬಂದದ್ದು 233, ಬರಬೇಕಾದದ್ದು 339.

ವೃತ್ತವನ್ನು ಒಂದು ದಿಕ್ಕಿನಲ್ಲಿ ಮಾತ್ರ ಅದುಮಿದರೆ ಕ್ಷೇತ್ರಫಲ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 10 ಅಡಿ ವ್ಯಾಸದ ವೃತ್ತ 78 ಚದರ ಅಡಿ ಚಿಲ್ಲರೆ. ಅದರ ಹತ್ತರಲ್ಲಿ ಆರು ಪಾಲು ಎಂದರೆ 47. ಸುತ್ತಳತೆ ಹಾಗೆ ಇಳಿಯುವುದಿಲ್ಲ, ಕಷ್ಟವೆಲ್ಲ ಅಲ್ಲೇ. ಗ್ರೀಸಿನ ಆರ್ಕಿಮಿಡೀಸ್ ಕ್ರಿ.ಪೂ. ಮೂರನೆಯ ಶತಮಾನದಲ್ಲೇ ಈ ಕ್ಷೇತ್ರಫಲವನ್ನು ಸಾಧಿಸಿದ್ದ. ನಮ್ಮ ಆಚಾರ್ಯ ಕಷ್ಟದ್ದರ ಹತ್ತಿರ ಹೋಗಿ ಸುಲಭದ್ದರಲ್ಲಿ ಎಡವಿದ.

ಹಾಗೆಂದು ಅವನನ್ನು ಯಾರಾದರೂ ದಡ್ಡ ಎಂದಾರೆಯೇ? ತಿಳಿದದ್ದನ್ನು ಹಿಡಿದು ತಿಳಿಯದ್ದರ ಕಡೆಗೆ ಒಂದು ಹೆಜ್ಜೆ ಇಟ್ಟ. ಅವಳೂ ಇಟ್ಟದ್ದು ಅದೇ ಹೆಜ್ಜೆ. ತಪ್ಪಿದ್ದು ಲೆಕ್ಕವೇ ಹೊರತು ತಲೆಯಲ್ಲ. ಅದನ್ನು ಹೇಳಬೇಕಾದವಳು ನಾನು, ನಾನೇ ನಗಿಸಿದೆ.

ಈಗ ತಪ್ಪು ಉತ್ತರ ಬಂದರೆ ಕೆಂಪು ಶಾಯಿ ಹಚ್ಚುವ ಮೊದಲು “ಹೇಗೆ ಮಾಡಿದೆ, ಹೇಳು ಮಗೂ” ಎನ್ನುತ್ತೇನೆ. ಆ ಹುಡುಗಿಗೆ ಈಗ ಶಾಲೆಗೆ ಹೋಗುವ ಮಕ್ಕಳಿರಬಹುದು. ಎಲ್ಲಾದರೂ ಎದುರಾದರೆ ಮಹಾವೀರಾಚಾರ್ಯನ ಈ ಲೆಕ್ಕವನ್ನು ಅವಳಿಗೆ ತೋರಿಸಬೇಕು.