ತೀಮಾರದಾರಿ: ಶುಶ್ರೂಷೆಯ ಚರಿತ್ರೆ ಕಲಿಸುವ ಪಾಠ



ರೋಗಿಯ ಆರೈಕೆಗೆ ಉರ್ದುವಿನಲ್ಲಿ 'ತೀಮಾರದಾರಿ' ಎನ್ನುತ್ತೇವೆ. 'ತೀಮಾರ್' ಎಂಬ ಪಾರಸಿ ಪದಕ್ಕೆ ಕಾಳಜಿ, ಚಿಂತೆ ಎಂಬ ಅರ್ಥಗಳಿವೆ. ಕನ್ನಡದಲ್ಲಿ ಇದೇ ಕೆಲಸದ ಹೆಸರು 'ಶುಶ್ರೂಷೆ'. ಸಂಸ್ಕೃತದಿಂದ ಬಂದ ಈ ಪದದ ಮೂಲಾರ್ಥ 'ಕೇಳಬೇಕೆಂಬ ಬಯಕೆ'. ಎರಡೂ ಭಾಷೆಗಳನ್ನು ಕಲಿಸುವ ನನಗೆ, ನರ್ಸಿಂಗ್ ವೃತ್ತಿಯ ಅರ್ಧ ಪಾಠ ಈ ಎರಡು ಪದಗಳಲ್ಲೇ ಅಡಗಿದೆ ಎನಿಸುತ್ತದೆ. ಉಳಿದರ್ಧವನ್ನು ಚರಿತ್ರೆಯಲ್ಲಿ ನೋಡೋಣ.

ಇಸ್ಲಾಮಿನ ಆರಂಭ ಕಾಲದಲ್ಲಿ ಮದೀನಾದ ಹಜರತ್ ರುಫೈದಾ ಅಸ್ಲಮಿಯಾ (ರ) ಎಂಬ ಮಹಿಳೆ ಗಾಯಾಳುಗಳ ಆರೈಕೆಗೆ ಪ್ರಸಿದ್ಧರಾಗಿದ್ದರು. ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಹಜರತ್ ಸಅದ್ ಬಿನ್ ಮುಆಜ್ (ರ) ಅವರು ಗಾಯಗೊಂಡಾಗ ಪ್ರವಾದಿಯವರ (ಸ) ಮಸೀದಿಯ ಬಳಿಯಿದ್ದ ರುಫೈದಾರ ಡೇರೆಯಲ್ಲಿ ಅವರಿಗೆ ಉಪಚಾರ ನಡೆಯಿತು. ಹೆಣ್ಣುಮಕ್ಕಳಿಗೆ ಈ ಕೆಲಸ ಸಲ್ಲದು ಎನ್ನುವವರು ಆ ಡೇರೆಯನ್ನು ಒಮ್ಮೆ ನೆನೆಯಬೇಕು.

ಮುಂದೆ 'ಬೀಮಾರಿಸ್ತಾನ್' ಎಂಬ ಆಸ್ಪತ್ರೆಗಳು ಬೆಳೆದವು. ರೈ ಮತ್ತು ಬಾಗ್ದಾದಿನ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದ ಅಲ್-ರಾಜಿ, ಸುಮಾರು 1,100 ವರ್ಷಗಳ ಹಿಂದೆ ಸಿಡುಬಿಗೂ ದಡಾರಕ್ಕೂ ಇರುವ ವ್ಯತ್ಯಾಸವನ್ನು ಗ್ರಂಥವಾಗಿ ಬರೆದರು. ಎರಡರಲ್ಲೂ ಜ್ವರ ಬರುತ್ತದೆ, ಮೈಮೇಲೆ ಗುಳ್ಳೆ ಏಳುತ್ತವೆ. ಮೇಲ್ನೋಟಕ್ಕೆ ಒಂದೇ ಎನಿಸುವುದನ್ನು ರೋಗಿಯ ಬಳಿ ಕುಳಿತು, ದಿನದಿನದ ಲಕ್ಷಣ ಗಮನಿಸಿ ಬೇರ್ಪಡಿಸಿದರು. ಇದೇ ವಿವೇಚನೆ.

ಆಧುನಿಕ ನರ್ಸಿಂಗಿನ ಕಥೆಯೂ ತುರ್ಕಿಯ ನೆಲಕ್ಕೇ ಕರೆದೊಯ್ಯುತ್ತದೆ. 1854ರ ನವೆಂಬರಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ನರ್ಸ್‌ಗಳೊಂದಿಗೆ ಇಸ್ತಾಂಬುಲ್ ಎದುರಿನ ಉಸ್ಕುದಾರ್‌ನ ಸೈನಿಕ ಆಸ್ಪತ್ರೆಗೆ ಬಂದರು. ಅಲ್ಲಿ ಗಾಯಗಳಿಗಿಂತ ಕಾಲರಾ, ಭೇದಿ, ಜ್ವರಗಳಿಂದ ಸತ್ತವರೇ ಹೆಚ್ಚು. ನರ್ಸ್‌ಗಳು ಹಗಲಿರುಳು ದುಡಿದರೂ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ. 1855ರ ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗವು ಕಟ್ಟಡದಡಿಯ ಚರಂಡಿಗಳನ್ನು ತೊಳೆಸಿ, ಗಾಳಿಗೆ ದಾರಿ ಮಾಡಿಸಿದ ಮೇಲೆ ಸಾವಿನ ಪ್ರಮಾಣ ತೀವ್ರವಾಗಿ ಕುಸಿಯಿತು. ಯುದ್ಧ ಮುಗಿದ ಮೇಲೆ ನೈಟಿಂಗೇಲ್ ಆ ಅಂಕಿಅಂಶಗಳನ್ನು ಪರಿಶೀಲಿಸಿ ಸತ್ಯವನ್ನು ಒಪ್ಪಿಕೊಂಡರು. ದಯೆ ಬೇಕು, ಆದರೆ ದಯೆಯೊಂದೇ ಸಾಲದು. ಶುಚಿತ್ವ, ಗಾಳಿ, ಬೆಳಕು, ಲೆಕ್ಕ ಇವೂ ಬೇಕು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆ ಆರಂಭವಾಯಿತು.

ಅವರು ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ಸೈನಿಕ ಠಾಣ್ಯಗಳ ವರದಿಗಳನ್ನು ತರಿಸಿ ಓದಿದರು. 1863ರ ವರದಿಯ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. 1876–78ರ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತ್ಯದ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಹಸಿವಿನ ಜೊತೆಗೆ ಕಾಲರಾ ಕೂಡ ಜನರನ್ನು ಬಲಿ ತೆಗೆದುಕೊಂಡಿತು. ಆಗ ನೈಟಿಂಗೇಲ್ ನಮ್ಮ ರೈತರ ಪರವಾಗಿ ಲೇಖನ ಬರೆದು, ನೀರಾವರಿ ಬೇಕೆಂದು ವಾದಿಸಿದರು. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪ ಸೀಮೆಯ ನಮಗೆ ಆ ಮಾತಿನ ಬೆಲೆ ಗೊತ್ತು. ಆರೋಗ್ಯವೆಂಬುದು ಊರಿನ ನೀರು, ಅನ್ನ, ಚರಂಡಿಗಳಿಂದಲೇ ಆರಂಭವಾಗುತ್ತದೆ.

ನಮ್ಮ ದೇಶದಲ್ಲಿ 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂತು. ಅದರ ಬದಲಿಗೆ ಹೊಸ ಆಯೋಗದ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ನಮ್ಮ ರಾಜ್ಯದ ನರ್ಸ್‌ಗಳ ನೋಂದಣಿಯ ಕಾಯಿದೆ 1961ರದು. 'ವಿಮ್ಸ್' ಎಂದು ನಮಗೆಲ್ಲ ಪರಿಚಿತವಾದ ಬಳ್ಳಾರಿಯ ವೈದ್ಯಕೀಯ ಕಾಲೇಜು ಆರಂಭವಾದದ್ದೂ ಅದೇ ವರ್ಷ.

ಚರಿತ್ರೆಯ ಈ ಪಾಠ ನನಗೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಅಮ್ಮಿ ಜ್ವರದಿಂದ ಆಸ್ಪತ್ರೆ ಸೇರಿದ್ದರು. ಎರಡನೆಯ ರಾತ್ರಿ ಜ್ವರ ಇಳಿಯಿತು. ನಾವು ಗೆದ್ದೆವು ಎಂದುಕೊಂಡೆವು. ಪಾಳಿಗೆ ಬಂದ ಸಿಸ್ಟರ್ ಥರ್ಮಾಮೀಟರ್ ನೋಡಿ ಸುಮ್ಮನಾಗಲಿಲ್ಲ. ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸಿದರು. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ 12ರಿಂದ 20 ಇರಬೇಕಾದದ್ದು 28 ಇತ್ತು. "ಮೂತ್ರ ಯಾವಾಗ ಹೋದರು?" ಎಂದು ಕೇಳಿದರು, ಮಧ್ಯಾಹ್ನದಿಂದ ಇಲ್ಲ. "ಅಮ್ಮಾ, ಇವತ್ತು ಯಾವ ವಾರ?" ಎಂದರೆ ಅಮ್ಮಿ ಏನೋ ತೊದಲಿದರು. ನಾವು ಅದನ್ನು ನಿದ್ದೆಗಣ್ಣು ಎಂದುಕೊಂಡಿದ್ದೆವು. ಸಿಸ್ಟರ್ ಬಿ.ಪಿ. ನೋಡಿ, ಎಲ್ಲವನ್ನೂ ಬರೆದು, ಡಾಕ್ಟರನ್ನು ಆಗಲೇ ಎಬ್ಬಿಸಿದರು. ಸೋಂಕು ರಕ್ತಕ್ಕೆ ಸೇರಿತ್ತು. ಬೆಳಗಿನವರೆಗೆ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರ್ ಆಮೇಲೆ ಹೇಳಿದರು. ಅಮ್ಮಿ ಇಂದು ನಮ್ಮೊಂದಿಗಿದ್ದಾರೆ, ಅಲ್‌ಹಮ್ದುಲಿಲ್ಲಾಹ್.

ಆ ಸಿಸ್ಟರ್ ಮಾಡಿದ್ದರಲ್ಲಿ ಪವಾಡವೇನೂ ಇಲ್ಲ. ಕೈ ತೊಳೆದುಕೊಂಡು ರೋಗಿಯ ಬಳಿ ಬಂದರು. ನೋಡಿದರು, ಕೇಳಿದರು, ಎಣಿಸಿದರು. ನಿನ್ನೆಯ ಸ್ಥಿತಿಗೆ ಇಂದಿನದನ್ನು ಹೋಲಿಸಿದರು. ಒಂದು ಒಳ್ಳೆಯ ಸೂಚನೆಗೆ ಮರುಳಾಗದೆ ಎಲ್ಲವನ್ನೂ ಕೂಡಿಸಿ ಯೋಚಿಸಿದರು. ಅನುಮಾನ ಬಂದಾಗ ಸಂಕೋಚಪಡದೆ ತಿಳಿಸಿದರು. ಔಷಧಿ ಕೊಟ್ಟ ಮೇಲೆಯೂ ಮತ್ತೆ ಮತ್ತೆ ಬಂದು ನೋಡಿದರು. ಶುಶ್ರೂಷೆಯ ಬುನಾದಿ ಇಷ್ಟೇ. ಆದರೆ ರಾತ್ರಿ ಎರಡು ಗಂಟೆಗೆ, ದಣಿದ ಕಣ್ಣಿನಲ್ಲಿ, ಪ್ರತಿಯೊಬ್ಬ ರೋಗಿಗೂ ಇಷ್ಟನ್ನು ತಪ್ಪದೆ ಮಾಡಲು ವಿದ್ಯೆಯೂ ಬೇಕು, ಗುಂಡಿಗೆಯೂ ಬೇಕು.

ಪಾಲಕರೇ, ಮಗಳು ನರ್ಸಿಂಗ್ ಓದುತ್ತೇನೆ ಎಂದಾಗ "ಆ ಕೆಲಸವೇ? ರಾತ್ರಿ ಪಾಳಿಯೇ?" ಎಂದು ತಡೆಯುವ ಮುನ್ನ ಯೋಚಿಸಿ. ನಮ್ಮ ತಾಯಂದಿರು ಹಾಸಿಗೆ ಹಿಡಿದಾಗ ಹೆಣ್ಣು ನರ್ಸ್ ಬೇಕೆಂದು ನಾವೇ ಕೇಳುತ್ತೇವೆ. ಆ ನರ್ಸ್ ಯಾರದೋ ಮನೆಯ ಮಗಳೇ ಅಲ್ಲವೇ? ಗಂಡುಮಕ್ಕಳೂ ಈ ವಿದ್ಯೆಗೆ ಹೊರತಲ್ಲ. ವಿದ್ಯಾರ್ಥಿಗಳೇ, ವಿಜ್ಞಾನವನ್ನು ಮನಸ್ಸಿಟ್ಟು ಓದಿ. ಜೊತೆಗೆ ಮನೆಯಲ್ಲಿರುವ ದಾದಿ, ನಾನಿಯರ ಬಳಿ ದಿನಕ್ಕೆ ಹತ್ತು ನಿಮಿಷ ಕುಳಿತು ಅವರ ಮಾತು ಕೇಳಿ. ತೀಮಾರದಾರಿಯ ಮೊದಲ ತರಗತಿ ಅಲ್ಲಿಯೇ ನಡೆಯುತ್ತದೆ.