ಹಿಂದಿನ ಸೀಟಿಗೆ ತಡವಾಗಿ ಬಂದ ಬೆಲ್ಟ್

ಸೂರತ್ ಪಕ್ಕದ ಸಚಿನ್‌ನಿಂದ ಪಲ್ಸಾಣಾ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48 ಸಿಗುತ್ತದೆ. ದಕ್ಷಿಣಕ್ಕೆ ತಿರುಗಿದರೆ ಅದೇ ರಸ್ತೆ ಮುಂಬೈ, ಪುಣೆ ದಾಟಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ ಹಾದು ಬೆಂಗಳೂರಿಗೆ ಬರುತ್ತದೆ. 2022ರ ಸೆಪ್ಟೆಂಬರ್ 4ರಂದು ಗುಜರಾತಿನ ಉದ್ವಾಡದಿಂದ ಮುಂಬೈಗೆ ಮರಳುತ್ತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಇದೇ ಹೆದ್ದಾರಿಯಲ್ಲಿ, ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆ ಮೇಲೆ ಅಪಘಾತದಲ್ಲಿ ತೀರಿಕೊಂಡರು. ಮುಂದೆ ಕೂತಿದ್ದ ಇಬ್ಬರು ಗಾಯಗೊಂಡರೂ ಬದುಕಿದರು. ಹಿಂದೆ ಕೂತಿದ್ದ ಇಬ್ಬರೂ ಉಳಿಯಲಿಲ್ಲ; ಅವರು ಬೆಲ್ಟ್ ಹಾಕಿರಲಿಲ್ಲ ಎಂದರು ಪೊಲೀಸರು.

ಆ ಹೊತ್ತಿಗೆ ಬೆಲ್ಟ್ ಹೊಸತೇನೂ ಆಗಿರಲಿಲ್ಲ. ಎದೆಗೂ ಸೊಂಟಕ್ಕೂ ಅಡ್ಡ ಬರುವ ಇಂದಿನ ಬೆಲ್ಟನ್ನು ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. 1959ರಲ್ಲಿ ಅದು ಕಾರಿಗೆ ಬಂತು. ಕಂಪನಿ ಅದರ ಪೇಟೆಂಟನ್ನು ಉಳಿದ ತಯಾರಕರಿಗೂ ಬಿಟ್ಟುಕೊಟ್ಟಿತು. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದಲ್ಲಿ ಹಿಂದೆ ಕೂತವರೂ ಸೇರಿದ್ದರು. 2019ರ ತಿದ್ದುಪಡಿ 194ಬಿ ಕಲಮನ್ನು ಸೇರಿಸಿತು: ಬೆಲ್ಟ್ ಇಲ್ಲದಿದ್ದರೆ 1,000 ರೂಪಾಯಿ ದಂಡ, 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೂ ಅಷ್ಟೇ.

ಕಾನೂನು ಹಿಂದಿನ ಸೀಟಿಗೆ ಬಂದರೂ ರೂಢಿ ಬರಲಿಲ್ಲ. ಅದು ನಮ್ಮಲ್ಲಿ ಹಿರಿಯರ ಜಾಗ, ಯಜಮಾನರ ಜಾಗ, ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ ತಾಯಿಯ ಜಾಗ. ಅಲ್ಲಿ ಅಪಾಯವಿಲ್ಲ ಎಂಬ ನಂಬಿಕೆ. ಲೆಕ್ಕ ಬೇರೆಯೇ ಹೇಳುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕೆ.ಜಿ.ಯ ಮಗುವನ್ನು ಹಿಡಿದಿಡಲು ಸುಮಾರು 140 ಕೆ.ಜಿ. ಎತ್ತುವಷ್ಟು ಬಲ ಬೇಕು. ಅಷ್ಟು ಬಲ ತಾಯಿಯ ತೋಳಿಗಿಲ್ಲ, ಬೆಲ್ಟಿಗಿದೆ.