ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದ ದಿನ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕು ಎಂದು ಗೆಳೆಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಪ್ರೌಢಶಾಲೆಗೆ ಸೇರುವ ಮುಂಚಿನ ಒಂದು ದಿನ. ಈ ಶಾಲೆಗೆ ಬಂದ ನಮ್ಮೂರ ಮಕ್ಕಳೆಲ್ಲ ಊರಿನ ಪ್ರಾಥಮಿಕ ಶಾಲೆಯಲ್ಲೇ ಅಕ್ಷರ ಕಲಿತವರು. ಆದ್ದರಿಂದ ಆ ಶಾಲೆಯ ಕಥೆ ಇಲ್ಲಿ ಹೇಳಿದರೆ ತಪ್ಪಾಗದು ಎಂದುಕೊಂಡಿದ್ದೇನೆ.

1999ರ ಫೆಬ್ರವರಿ. ನಾವು ಆರನೇ ತರಗತಿ. ವಿಜ್ಞಾನದ ಮೇಷ್ಟ್ರು ಪ್ರಾಣಿಗಳ ಆವಾಸದ ಪಾಠ ಮುಗಿಸಿ, "ಕಾಡುಹಕ್ಕಿಗಳು ಎಲ್ಲಿ ಬದುಕ್ತವೆ?" ಎಂದು ಕೇಳಿದರು. "ಕಾಡಲ್ಲಿ ಸಾ" ಎಂದು ಒಂದೇ ದನಿಯಲ್ಲಿ ಕೂಗಿದೆವು. ಮೇಷ್ಟ್ರು ನಕ್ಕು, "ಶನಿವಾರ ಬುತ್ತಿ ಕಟ್ಟಿಸ್ಕೊಂಡು ಬನ್ನಿ" ಎಂದರು. ತಲೆಗೆ ಹತ್ತು ರೂಪಾಯಿ ಕೂಡಿಸಿ, ತರಕಾರಿ ಸಾಗಿಸುವ ಟೆಂಪೊ ಒಂದರಲ್ಲಿ ಎಲ್ಲರೂ ಹೊರಟೆವು.

ಹೋದದ್ದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ. ಕಾಡು ಕಾಣುತ್ತದೆಂದು ಕಾದಿದ್ದ ನಮಗೆ ಕಂಡದ್ದು ನಮ್ಮಂಥದೇ ಊರು. ಅವೇ ಹೆಂಚಿನ ಮನೆಗಳು, ತಿಪ್ಪೆ, ಕಟ್ಟಿಹಾಕಿದ ಎಮ್ಮೆಗಳು. ಆದರೆ ಮನೆಗಳ ಮೇಲೆ ಬಾಗಿದ್ದ ಹುಣಸೆಮರಗಳ ತುಂಬ ಗೂಡುಗಳು. ಹಳದಿ ಕೊಕ್ಕಿನ, ಬೆನ್ನ ಹಿಂದೆ ಗುಲಾಬಿ ಬಣ್ಣದ ಗರಿಯಿದ್ದ ಬಣ್ಣದ ಕೊಕ್ಕರೆಗಳು. ಕೊಕ್ಕಿನ ಕೆಳಗೆ ಚೀಲವಿದ್ದ ಹೆಜ್ಜಾರ್ಲೆಗಳು. ಕೆಳಗೆ ಸುಣ್ಣ ಬಳಿದಂತೆ ಹಿಕ್ಕೆ, ಮೀನಿನ ನಾತ. ನಾವು ಮೂಗು ಮುಚ್ಚಿಕೊಂಡೆವು. ಅಂಗಳ ಗುಡಿಸುತ್ತಿದ್ದ ಅಜ್ಜಿಯೊಬ್ಬರು ಮೂಗು ಮುಚ್ಚಿರಲಿಲ್ಲ.

ಮೇಷ್ಟ್ರು ಅವರನ್ನು ಕೇಳಿದರು: "ಅಮ್ಮ, ಮರದಲ್ಲಿ ಹುಣಸೆಹಣ್ಣು ಹಂಗೇ ಅದಲ್ಲ, ಬಡಿಸಲಿಲ್ವಾ?"

"ತವರಿಗೆ ಬಾಣಂತನಕ್ಕೆ ಬಂದ ಹೆಣ್ಮಕ್ಕಳು ಕಣಪ್ಪ ಇವು. ಮರಿ ಇರೋವಾಗ ಮರ ಬಡಿಯಾಕಾದದಾ?"

ಅದು ಆ ಅಜ್ಜಿಯೊಬ್ಬರ ಮಾತಲ್ಲ, ಇಡೀ ಊರಿನ ಮಾತು ಎಂದು ನನಗೆ ತಿಳಿದದ್ದು ಮುಂದೆ, ಆ ಊರಿನ ಬಗ್ಗೆ ಓದತೊಡಗಿದ ಮೇಲೆ. ಬೆಳ್ಳೂರು ಮೊದಲು ಶಿಂಷಾ ನದಿಯ ದಂಡೆಯ ಹತ್ತಿರ ಇತ್ತಂತೆ. 1916ರಲ್ಲಿ ಪ್ಲೇಗು ಬಂದು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾರೆ. ಊರಿನವರಿಗೆ ತಲೆಮಾರುಗಳಿಂದ ಗೊತ್ತಿದ್ದ ಈ ಸಂಗತಿ ಹೊರಗಿನವರ ಗಮನಕ್ಕೆ ಬಂದದ್ದು ತಡವಾಗಿ. 1976ರ ಸುಮಾರಿಗೆ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಇಲ್ಲಿನ ಹೆಜ್ಜಾರ್ಲೆಗಳ ಬಗ್ಗೆ ಬರೆದರು. ಗೂಡು ಕಟ್ಟುವ ಮರಗಳ ಮಾಲೀಕರಿಗೆ ಇಲಾಖೆಯಿಂದ ಪರಿಹಾರ ಕೊಡುವ ಏರ್ಪಾಡೂ ಬಂತು. 1990ರ ದಶಕದಲ್ಲಿ ಊರಿನವರೇ ಸೇರಿದ ಹೆಜ್ಜಾರ್ಲೆ ಬಳಗ, ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ ಸಾಕುವ ಕೆಲಸಕ್ಕೆ ಕೈಹಾಕಿತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅಂದರೆ ಕಾನೂನು ಬಂದದ್ದು ಕೊನೆಯಲ್ಲಿ. ಅದಕ್ಕೆ ಬಹಳ ಮುಂಚೆಯೇ ಊರು ಹಕ್ಕಿಗಳನ್ನು ಕಾಪಾಡಿತ್ತು.

ಮೇಷ್ಟ್ರು ಅಂದು ಹುಣಸೆಮರದ ನೆರಳಲ್ಲಿ ನಮ್ಮನ್ನು ಕೂರಿಸಿ, ಹಕ್ಕಿ ಬದುಕಲು ಏನೇನು ಬೇಕು ಎಂದು ನೆಲದ ಮೇಲೆ ಕಡ್ಡಿಯಲ್ಲಿ ಮೂರು ಗೆರೆ ಎಳೆದರು. ಒಂದು ಮರ. ಎರಡು ನೀರು. ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ ಹತ್ತಿರವೇ ಇವೆ. ಕೊಕ್ಕರೆ ತೆಳುನೀರಿನಲ್ಲಿ ನಡೆಯುತ್ತ, ಅರೆ ತೆರೆದ ಕೊಕ್ಕನ್ನು ನೀರಿನಲ್ಲಿ ಆಡಿಸಿ, ಮೀನು ತಾಗಿದೊಡನೆ ಹಿಡಿಯುತ್ತದೆ. ಹೆಜ್ಜಾರ್ಲೆ ಆಳದ ನೀರಿನಲ್ಲಿ ಈಜುತ್ತ ಚೀಲದಲ್ಲಿ ಮೀನನ್ನು ಮೊಗೆಯುತ್ತದೆ. ಒಂದೇ ಮರದಲ್ಲಿ ಗೂಡು, ಆದರೆ ಊಟಕ್ಕೆ ಜಗಳವಿಲ್ಲ. ಮೂರನೆಯ ಗೆರೆ ಎಳೆದು, "ಇದು ಯಾವುದು?" ಎಂದರು. ಯಾರಿಗೂ ಹೊಳೆಯಲಿಲ್ಲ. ಮೇಷ್ಟ್ರು ಅಜ್ಜಿಯ ಕಡೆ ಕೈ ತೋರಿಸಿದರು.

ಆ ಮೂರನೆಯ ಗೆರೆಗೆ ಬೆಲೆಯಿದೆ ಎಂದು ನನಗೆ ಅರ್ಥವಾಗಲು ಆರು ವರ್ಷ ಬೇಕಾಯಿತು. ಹುಣಸೆ ಬಡಿಯುವ ಕಾಲವೂ ಹಕ್ಕಿ ಮರಿ ಮಾಡುವ ಕಾಲವೂ ಒಂದೇ. ಮರಿಯನ್ನು ಉಳಿಸಿದವರಿಗೆ ಹಣ್ಣಿನ ದುಡ್ಡು ಹೋಗುತ್ತದೆ. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ, ನಿಜ. ಆದರೆ ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದಾಗ ಮರದ ಮೇಲೆ ಕಣ್ಣು ಬೀಳದೆ ಇರುವುದಿಲ್ಲ.

ನಮ್ಮ ಮನೆಯಲ್ಲೂ ಬಿತ್ತು. 2005ರಲ್ಲಿ ನನಗೆ ಬಿ.ಇ. ಸೀಟು ಸಿಕ್ಕಿತು. ಶುಲ್ಕಕ್ಕೆ ದುಡ್ಡು ಸಾಲಲಿಲ್ಲ. ಕೆರೆಯ ಪಕ್ಕದ ನಮ್ಮ ಹೊಲದ ಬದುವಿನಲ್ಲಿ ಮೂರು ಹುಣಸೆಮರಗಳಿದ್ದವು. ಸಂಜೆಯ ಹೊತ್ತು ಬೆಳ್ಳಕ್ಕಿಗಳು ಬಂದು ಕೂರುತ್ತಿದ್ದ ಮರಗಳು ಅವು. ಅಪ್ಪ ಮೂರನ್ನೂ ಮರದ ವ್ಯಾಪಾರಿಗೆ ಕೊಟ್ಟರು. ಕಡಿದ ಸಂಜೆ ಬೆಳ್ಳಕ್ಕಿಗಳು ಬಂದು, ಆ ಜಾಗದ ಮೇಲೆ ಸುತ್ತು ಹೊಡೆದು, ಕೆರೆ ಏರಿಯ ಕಡೆ ಹೋದವು. ನಾನು ಬದುವಿನ ಮೇಲೆ ನಿಂತು ನೋಡಿದೆ. ಅಪ್ಪನನ್ನು ದೂರಲಾರೆ. ಆ ಮರಗಳಿಂದಲೇ ನಾನು ಎಂಜಿನಿಯರ್ ಆದೆ. ಆದರೆ ಬೆಳ್ಳೂರಿನ ಅಜ್ಜಿ ಬಿಟ್ಟುಕೊಟ್ಟದ್ದು ಎಷ್ಟು ಎಂಬುದು ಆ ದಿನ ತಿಳಿಯಿತು.

ಮರವೊಂದನ್ನು ಉಳಿಸಿದರೆ ಸಾಲದು ಎಂಬುದೂ ಈಚೆಗೆ ಗೊತ್ತಾಗಿದೆ. 2017ರ ಕೊನೆಯಿಂದ ಕೆಲವು ತಿಂಗಳು ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳು ಸಿಕ್ಕಿತು. ಇಂಥ ಹುಳು ಹಕ್ಕಿಗೆ ಬರುವುದು ತಿನ್ನುವ ಮೀನಿನಿಂದ. ಊರಿನವರು ಮರ ಕಾದರು, ಮರಿ ಕಾದರು. ಆದರೆ ಹಕ್ಕಿ ಮೀನು ಹಿಡಿಯುವ ಕೆರೆಗಳನ್ನೆಲ್ಲ ಒಂದೇ ಊರು ಕಾಯಲಾಗದು. ಮೇಷ್ಟ್ರ ಎರಡನೆಯ ಗೆರೆ ಸುತ್ತಲಿನ ಎಲ್ಲ ಊರುಗಳಿಗೂ ಸೇರಿದ್ದು.

ಈ ಸಂಚಿಕೆ ಓದುವ ಊರಿನ ಹಿರಿಯರಲ್ಲಿ, ಗುರುಗಳಲ್ಲಿ ಎರಡು ವಿನಂತಿ. ನಮ್ಮ 2003ರ ತಂಡದವರು ಸೇರಿ, ಶಾಲೆಯ ಹಿಂದೆ ಕೆರೆಯ ಕಡೆಗಿರುವ ಬೇಲಿಯುದ್ದಕ್ಕೂ ಹುಣಸೆ, ಅತ್ತಿ, ಹೂವರಸಿ ಸಸಿಗಳನ್ನು ನೆಡಲು ಒಪ್ಪಿದ್ದೇವೆ. ನೆಡುವುದು ಒಂದು ದಿನದ ಕೆಲಸ. ಮೂರು ಬೇಸಿಗೆ ನೀರು ಹಾಕಿ, ಆಡುಗಳಿಂದ ಕಾಯಬೇಕಾದವರು ಊರಿನಲ್ಲೇ ಇರುವ ನೀವು. ಎರಡನೆಯದು, ಪ್ರತಿ ಫೆಬ್ರವರಿಯಲ್ಲಿ ಪ್ರಾಥಮಿಕ ಶಾಲೆಯ ಆರನೇ ತರಗತಿಯ ಮಕ್ಕಳನ್ನು ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ಯಿರಿ. ಬಸ್ಸಿನ ಖರ್ಚು ನಮ್ಮದು. ಬುತ್ತಿ ಮಾತ್ರ ಮಕ್ಕಳು ಮನೆಯಿಂದಲೇ ತರಲಿ.

— 2003ರ ಎಸ್.ಎಸ್.ಎಲ್.ಸಿ. ತಂಡದ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು